ಹಲ್ಲು ಎಣಿಸಬೇಕಾದವರು ಕೊಡುವವರು

ನಮ್ಮ ಮನೆಯವರ ಹತ್ತಿರ ಒಂದು ಕಾರಿತ್ತು. ‘ನಮ್ಮ ಹತ್ತಿರ’ ಅಂತ ಬರೆಯದೆ ‘ಅವರ ಹತ್ತಿರ’ ಅಂತ ಬರೆದದ್ದು ಬೇಕಂತಲೇ. 2004ರ ಮಾಡೆಲ್, ಜರ್ಮನಿಯ ದೊಡ್ಡ ಸೆಡಾನ್, ಎಂಟು ಸಿಲಿಂಡರಿನ ಎಂಜಿನ್, ಹೊರಗೆ ಕಪ್ಪು ಬಣ್ಣ, ಒಳಗೆ ಬೆಣ್ಣೆ ಬಣ್ಣದ ಚರ್ಮದ ಸೀಟು. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಅದರ ಪರ, ಇನ್ನರ್ಧ ಜನ ಅದರ ವಿರುದ್ಧ ನಿಂತುಬಿಡುತ್ತೀರಿ, ನನ್ನ ಮಾತು ಅಲ್ಲಿಗೇ ಮುಗಿಯುತ್ತೆ. ಹೊಸದಾಗಿದ್ದಾಗ 70,000 ಡಾಲರ್ ದಾಟಿದ ಗಾಡಿ. ಇವರು ಅದನ್ನು 2012ರಲ್ಲಿ, ಮೂರನೇ ಓನರ್ ಆಗಿ, 14,000ಕ್ಕೆ ತಂದರು.

“70,000ದ ಕಾರು 14,000ಕ್ಕೆ ಸಿಕ್ತು ನೋಡೇ!”

“ಯಾಕೆ ಸಿಕ್ತು ಅಂತಲೂ ಸ್ವಲ್ಪ ಯೋಚನೆ ಮಾಡಿ ರೀ.”

ಯಾಕೆ ಅನ್ನುವುದಕ್ಕೆ ಉತ್ತರ ಮುಂದಿನ ಹನ್ನೆರಡು ವರ್ಷ ಕಂತು ಕಂತಾಗಿ ಬಂತು. ಕಾರಿಗೆ ವಯಸ್ಸಾದ ಹಾಗೆ ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 14,000ಕ್ಕೆ ತಂದರೂ ರಿಪೇರಿಗೆ ಹೋದಾಗ ಅದು 70,000ದ ಕಾರೇ.

ಅದರ ದೊಡ್ಡ ಕಾಯಿಲೆ ಸಸ್ಪೆನ್ಷನ್‌ದು. ಸಾಮಾನ್ಯ ಕಾರಿನ ಹಾಗೆ ಅದಕ್ಕೆ ಉಕ್ಕಿನ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಕ್ಕೂ ಒಂದೊಂದು ರಬ್ಬರಿನ ಗಾಳಿಚೀಲ, ಅವಕ್ಕೆ ಗಾಳಿ ತುಂಬುವುದಕ್ಕೆ ಒಂದು ಕಂಪ್ರೆಸರ್. ಹೊಸದರಲ್ಲಿ ಗುಂಡಿಬಿದ್ದ ರಸ್ತೆಯೂ ಜಮಖಾನೆ ಹಾಸಿದ ಹಾಗೆ. ವಯಸ್ಸಾದ ಮೇಲೆ ರಬ್ಬರು ಬಿರಿಯುತ್ತೆ, ಗಾಳಿ ಸೋರುತ್ತೆ. ರಾತ್ರಿ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗ್ಗೆ ಎದ್ದು ನೋಡಿದರೆ ಮುಂಗಾಲು ಮಡಿಸಿದ ಎತ್ತಿನ ಹಾಗೆ ಮೂತಿ ನೆಲಕ್ಕೆ ಹಚ್ಚಿ ಕೂತಿರುತ್ತಿತ್ತು. ಸ್ಟಾರ್ಟ್ ಮಾಡಿ, ಕಂಪ್ರೆಸರ್ ಗುಂಯ್ ಗುಡುತ್ತಾ ಅದನ್ನು ಎಬ್ಬಿಸುವವರೆಗೆ ಕಾಯಬೇಕು. ಸೋರುವ ಚೀಲಕ್ಕೆ ತುಂಬಿ ತುಂಬಿ ಕೊನೆಗೆ ಕಂಪ್ರೆಸರೂ ಸುಟ್ಟುಹೋಗುತ್ತೆ. ಹೋಯಿತು. 2024ರ ಬೇಸಿಗೆಯಲ್ಲಿ ಎರಡು ಚೀಲ, ಒಂದು ಕಂಪ್ರೆಸರ್, ಜೊತೆಗೆ ಸಣ್ಣಪುಟ್ಟದ್ದು ಸೇರಿ ಮೆಕ್ಯಾನಿಕ್ ಕೊಟ್ಟ ಅಂದಾಜು ನೋಡಿ ಇವರೇ ಮೊದಲ ಸಲ ಬಾಯಿಬಿಟ್ಟು ಹೇಳಿದರು: “ಸಾಕು ಕಣೇ.”

ಮಾರೋಣ ಅಂದೆ. “ಛೆ, ಯಾರಾದರೂ ಬಂದು ಮೂಗು ಮುರಿದು 800 ಡಾಲರ್ ಅಂದರೆ ನನ್ನ ಕೈಲಿ ಕೇಳೋಕಾಗಲ್ಲ. ದಾನ ಮಾಡಿಬಿಡೋಣ. ಒಳ್ಳೆ ಕೆಲಸಕ್ಕೂ ಆಯ್ತು, ಟ್ಯಾಕ್ಸಲ್ಲೂ ಉಳಿಯುತ್ತೆ.”

ನಾನು ಈ ಪೋಸ್ಟ್ ಬರೆಯುತ್ತಿರುವುದೇ ಈ ಒಂದು ವಾಕ್ಯಕ್ಕಾಗಿ. ಇಲ್ಲಿ ಅಮೆರಿಕದಲ್ಲಿ ರೇಡಿಯೋ ಹಾಕಿದರೆ ಸಾಕು, ‘ನಿಮ್ಮ ಹಳೇ ಕಾರು ಕೊಡಿ, ನಾವೇ ಬಂದು ಎಳೆದುಕೊಂಡು ಹೋಗುತ್ತೇವೆ, ತೆರಿಗೆ ವಿನಾಯಿತಿ ಪಡೆಯಿರಿ’ ಅನ್ನುವ ಜಾಹೀರಾತು. ಡಿಸೆಂಬರ್ ಬಂದರಂತೂ ಮುಗಿಯಿತು. ನಮ್ಮವರೂ ಸುಮಾರು ಜನ ಹೀಗೆ ಕೊಟ್ಟಿದ್ದಾರೆ, ಕೊಡಬೇಕು ಅಂತಲೂ ಇದ್ದಾರೆ. ಕೊಡಬೇಡಿ ಅನ್ನುತ್ತಿಲ್ಲ. ಆದರೆ ಆ ಒಂದು ವಾಕ್ಯದಲ್ಲಿ ಮೂರು ಬೇರೆ ಬೇರೆ ಆಸೆಗಳಿವೆ: ಕಾರಿನ ಮರ್ಯಾದೆ ಉಳಿಯಬೇಕು, ಪುಣ್ಯ ಬರಬೇಕು, ದುಡ್ಡೂ ಉಳಿಯಬೇಕು. ಮೂರನ್ನೂ ಒಂದೇ ಟೋ ಟ್ರಕ್ಕಿಗೆ ಕಟ್ಟಿದರೆ ಏನಾಗುತ್ತೆ ಅಂತ ನಾವು ನೋಡಿದೆವು.

ಮೊದಲು ಇವರಿಗೆ ಬಂದ ಯೋಚನೆ ಸಂಸ್ಥೆಗೆ ಕೊಡುವುದಲ್ಲ, ಮನುಷ್ಯರಿಗೇ ಕೊಡುವುದು. ಆಗ ನಮ್ಮತ್ತೆಯನ್ನು ನೋಡಿಕೊಳ್ಳುವುದಕ್ಕೆ ವಾರಕ್ಕೆ ಐದು ದಿನ ಒಬ್ಬರು ಬರುತ್ತಿದ್ದರು. ಎರಡು ಬಸ್ ಬದಲಾಯಿಸಿ ಬರಬೇಕು, ಚಳಿಗಾಲದಲ್ಲಿ ಮೊದಲ ಬಸ್ ತಪ್ಪಿದರೆ ಮುಕ್ಕಾಲು ಗಂಟೆ ಹಿಮದಲ್ಲಿ ನಿಲ್ಲಬೇಕು. “ಆ ಹೆಂಗಸಿಗೆ ಕೊಟ್ಟರೆ ಎಷ್ಟು ಉಪಕಾರ ಆಗುತ್ತೆ ನೋಡು” ಅಂದರು. ನನಗೂ ಕೇಳಲು ಚೆನ್ನಾಗೇ ಅನಿಸಿತು. ಒಬ್ಬ ವ್ಯಕ್ತಿಗೆ ನೇರವಾಗಿ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ಒಂದು ಸೆಂಟೂ ವಿನಾಯಿತಿ ಇಲ್ಲ, ಅದು ಗೊತ್ತಿದ್ದೇ ಹೇಳಿದ್ದು. ಪಾಪ, ಅವರ ಮನಸ್ಸು ದೊಡ್ಡದು.

ಕೇಳಿದೆವು. ಆಕೆ ನಮ್ಮ ಡ್ರೈವ್‌ವೇಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಾಗಿಲು ತೆಗೆಯಲಿಲ್ಲ, ಸೀಟು ಮುಟ್ಟಲಿಲ್ಲ. ಬಗ್ಗಿ ಟೈರಿನ ಅಳತೆ ಓದಿದರು. ಇದಕ್ಕೆ ಯಾವ ಪೆಟ್ರೋಲ್ ಹಾಕಬೇಕು ಅಂತ ಕೇಳಿದರು. ಪ್ರೀಮಿಯಂ ಅಂದರು ಇವರು, ಸ್ವಲ್ಪ ಹೆಮ್ಮೆಯಲ್ಲೇ. ಆಕೆ ನಕ್ಕು, ತುಂಬಾ ಮರ್ಯಾದೆಯಿಂದ ಬೇಡ ಅಂದರು. ಇದರ ನಾಲ್ಕು ಟೈರಿಗೆ ನನ್ನ ಒಂದು ವಾರದ ಸಂಬಳ ಸಾಲದು, ಕೆಟ್ಟು ನಿಂತರೆ ಬಸ್ಸಿನ ಖರ್ಚಿನ ಜೊತೆ ಇದರ ಖರ್ಚೂ ನನ್ನ ತಲೆಗೆ ಬರುತ್ತೆ, ಅಂತ ಹೇಳಿದರು. ನಮ್ಮ ಏಜೆನ್ಸಿಯವರು ಉಡುಗೊರೆ ತಗೊಳ್ಳುವುದಕ್ಕೆ ಬಿಡುವುದಿಲ್ಲ ಅಂತಲೂ ಸೇರಿಸಿದರು. ನಮಗೆ ಬೇಜಾರಾಗದಿರಲಿ ಅಂತ ಆ ಕೊನೇ ಮಾತು ಸೇರಿಸಿದ್ದು ಅಂತ ನನಗೆ ಈಗಲೂ ಅನುಮಾನ.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಿದರಂತೆ ಅಂತ ನಾವು ಆಡಿಕೊಳ್ಳುತ್ತೇವಲ್ಲ, ಆವತ್ತು ಆಕೆ ಮಾಡಿದ್ದು ಅದೇ. ಅದನ್ನು ಅವರ ಕೈಲಿ ಮಾಡಿಸಿದ್ದು ನಮ್ಮ ತಪ್ಪು. ಹಲ್ಲು ಎಷ್ಟಿದೆ ಅಂತ ನಮಗೆ ಗೊತ್ತಿತ್ತು. ಹನ್ನೆರಡು ವರ್ಷ ಮೇವು ಹಾಕಿದವರು ನಾವು.

ಆವತ್ತು ರಾತ್ರಿ ನನಗೆ ನಚಿಕೇತ ನೆನಪಾದ. ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಕಾದ ಹುಡುಗ ಅಂತ ಎಲ್ಲರಿಗೂ ನೆನಪಿರುತ್ತೆ. ಆದರೆ ಅಲ್ಲಿಗೆ ಹೋಗುವ ಹಾಗಾದದ್ದು ಯಾಕೆ? ಅಪ್ಪ ಯಜ್ಞ ಮಾಡಿ ದಕ್ಷಿಣೆಗೆ ಹಸು ಕೊಡುತ್ತಿದ್ದ. ಎಂಥ ಹಸು? ಕುಡಿಯುವ ನೀರು ಕುಡಿದು ಮುಗಿಸಿದ, ಮೇಯುವ ಹುಲ್ಲು ಮೇಯ್ದು ಮುಗಿಸಿದ, ಕೊಡುವ ಹಾಲು ಕೊಟ್ಟು ಮುಗಿಸಿದ ಮುದಿ ಹಸು. ಹುಡುಗ ಅದನ್ನು ನೋಡಿ ತಡೆಯಲಾರದೆ ಕೇಳಿದ್ದಕ್ಕೇ ಅಷ್ಟೆಲ್ಲ ಆದದ್ದು. ಆ ಹಸುಗಳು ಹುಲ್ಲನ್ನಾದರೂ ತಿನ್ನುವುದು ಬಿಟ್ಟಿದ್ದವು. ನಮ್ಮದು ಹಾಲು ನಿಲ್ಲಿಸಿದ ಮೇಲೂ ಪ್ರೀಮಿಯಂ ಹುಲ್ಲೇ ಬೇಕು ಅನ್ನುವ ಜಾತಿ.

ಹಾಗಾಗಿ ನನ್ನ ಮೊದಲ ಅಭಿಪ್ರಾಯ, ಇದರಲ್ಲಿ ರಾಜಿಯಿಲ್ಲ: ಹಳೇ ಐಷಾರಾಮಿ ಕಾರನ್ನು ಕಷ್ಟದಲ್ಲಿರುವವರ ಕೈಗೆ ಓಡಿಸುವುದಕ್ಕೆ ಕೊಡಬಾರದು. ಹಳೇ ಚಿಕ್ಕ ಜಪಾನೀ ಕಾರು ಇದ್ದರೆ ಖಂಡಿತ ಕೊಡಿ. ಅದರ ಪಾರ್ಟ್ ಎಲ್ಲ ಗ್ಯಾರೇಜಲ್ಲೂ ಸಿಗುತ್ತೆ, ಯಾವ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸುತ್ತಾನೆ. ದಾನವಾಗಿ ಬಂದ ಕಾರನ್ನು ರಿಪೇರಿ ಮಾಡಿ ಕೆಲಸಕ್ಕೆ ಹೋಗುವ ಬಡ ಕುಟುಂಬಗಳಿಗೇ ಕೊಡುವ ಸಂಸ್ಥೆಗಳಿವೆ. ವರ್ಮಾಂಟ್‌ನಲ್ಲಿ ಶುರುವಾದ ಗುಡ್ ನ್ಯೂಸ್ ಗ್ಯಾರೇಜ್ 1996ರದ್ದು, ಮೇರಿಲ್ಯಾಂಡ್‌ನ ವೆಹಿಕಲ್ಸ್ ಫಾರ್ ಚೇಂಜ್ 1999ರದ್ದು. ಆದರೆ ಒಂದೊಂದು ಕಂಪ್ಯೂಟರ್ ಮಾಡ್ಯೂಲೂ ಆ ಕಾರಿನ ಚಾಸಿ ನಂಬರಿಗೇ ಕೋಡ್ ಆಗಿರಬೇಕಾದ, ಒಂದು ಕೀ ಕಳೆದರೆ ಡೀಲರ್ ಹತ್ತಿರವೇ ಆರ್ಡರ್ ಕೊಡಬೇಕಾದ ನಮ್ಮದರಂಥ ಗಾಡಿಯನ್ನು ಒಂದು ಕುಟುಂಬಕ್ಕೆ ಕೊಡುವುದು ಅಂದರೆ ಬಿಳಿಯಾನೆ ಕೊಟ್ಟ ಹಾಗೆ. ಅಂಥದ್ದನ್ನು ದುಡ್ಡಾಗಿ ಬದಲಾಯಿಸುವುದೇ ಸರಿ.

ಈಗ ಆ ದುಡ್ಡಿನ ಕತೆಗೆ ಬರುತ್ತೇನೆ. ನಮ್ಮ ಮನೆಯ ತೆರಿಗೆ ಕಾಗದ ಬರೆಯುವವಳು ನಾನು, ಹಾಗಾಗಿ ಇಲ್ಲಿ ಸ್ವಲ್ಪ ಜೋರಾಗೇ ಮಾತಾಡುತ್ತೇನೆ.

ಒಂದು ಕಾಲದಲ್ಲಿ ಕಾರು ಕೊಟ್ಟವರು ಬೆಲೆಪಟ್ಟಿಯ ಪುಸ್ತಕ ನೋಡಿ ‘ನನ್ನ ಕಾರಿಗೆ ಇಷ್ಟು’ ಅಂತ ತಾವೇ ಬರೆದುಕೊಳ್ಳಬಹುದಿತ್ತು. ಏನಾಯಿತು ಅಂತ ಊಹಿಸುವುದು ಕಷ್ಟವಲ್ಲ. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಕಚೇರಿ ಜಿಎಒ 2003ರಲ್ಲಿ ಇದರ ಬಗ್ಗೆ ಒಂದು ವರದಿ ಕೊಟ್ಟಿತು. 2000ನೇ ಇಸವಿಯ ತೆರಿಗೆ ಲೆಕ್ಕದಲ್ಲಿ ಅಂದಾಜು 7,33,000 ಜನ ಹೀಗೆ ವಾಹನ ದಾನದ ವಿನಾಯಿತಿ ಕೇಳಿದ್ದರು. ಅದರಿಂದ ಅವರಿಗೆ ಉಳಿದ ತೆರಿಗೆ ಅಂದಾಜು 65.4 ಕೋಟಿ ಡಾಲರ್. ಜಿಎಒ 54 ಕಾರುಗಳ ಜಾಡು ಹಿಡಿದು ಹೋಗಿ ನೋಡಿದರೆ, ಮೂರರಲ್ಲಿ ಎರಡು ಪಾಲು ಕಾರುಗಳ ವಿಷಯದಲ್ಲಿ ಸಂಸ್ಥೆಯ ಕೈಗೆ ಸೇರಿದ್ದು ದಾನಿ ಬರೆದುಕೊಂಡ ಬೆಲೆಯ ಶೇ. 5 ಅಥವಾ ಅದಕ್ಕೂ ಕಡಿಮೆ. ಅದರಲ್ಲೊಂದು 1983ರ ಟ್ರಕ್. ಕೊಟ್ಟವರು 2,400 ಡಾಲರ್ ಅಂತ ಬರೆದಿದ್ದರು. ಹರಾಜಿನಲ್ಲಿ ಹೋದದ್ದು 375ಕ್ಕೆ. ನಡುವಿನವರ ಖರ್ಚು, ಜಾಹೀರಾತಿನ ಖರ್ಚು ಕಳೆದು, ಉಳಿದದ್ದನ್ನು ಅರ್ಧ ಅರ್ಧ ಮಾಡಿ, ಸಂಸ್ಥೆಗೆ ಸಿಕ್ಕಿದ್ದು 31 ಡಾಲರ್ 50 ಸೆಂಟ್.

ಮರುವರ್ಷವೇ ಕಾನೂನು ಬದಲಾಯಿತು, 2005ರಿಂದ ಹೊಸ ಲೆಕ್ಕ. 500 ಡಾಲರಿಗಿಂತ ಹೆಚ್ಚಿನ ವಿನಾಯಿತಿ ಬೇಕಾದರೆ ಸಂಸ್ಥೆ 1098-ಸಿ ಅನ್ನುವ ಫಾರ್ಮ್ ಕೊಡಬೇಕು. ಸಂಸ್ಥೆ ಕಾರನ್ನು ಹಾಗೇ ಮಾರಿದರೆ, ಅದು ಎಷ್ಟಕ್ಕೆ ಹೋಯಿತೋ ಅಷ್ಟೇ ನಮ್ಮ ವಿನಾಯಿತಿಯ ಮಿತಿ. 500 ಅಥವಾ ಅದಕ್ಕಿಂತ ಕಡಿಮೆಗೆ ಹೋದರೆ, 500 ಡಾಲರ್ ಅಥವಾ ನಿಜವಾದ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು. ಪೂರ್ತಿ ಮಾರುಕಟ್ಟೆ ಬೆಲೆ ಬರೆದುಕೊಳ್ಳುವ ಅವಕಾಶ ಸಂಸ್ಥೆ ಆ ಕಾರನ್ನು ತನ್ನ ಕೆಲಸಕ್ಕೇ ಗಟ್ಟಿಯಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿ ಬೆಲೆ ಹೆಚ್ಚಿಸಿದರೆ, ಇಲ್ಲಾ ಬಡವರಿಗೆ ಉಚಿತವಾಗಿ ಅಥವಾ ತೀರಾ ಕಡಿಮೆ ಬೆಲೆಗೆ ಕೊಟ್ಟರೆ ಮಾತ್ರ. ನೆಲಕ್ಕೆ ಮೂತಿ ಹಚ್ಚಿದ ಎಂಟು ಸಿಲಿಂಡರಿನ ಸೆಡಾನಿಗೆ ಈ ಮೂರರಲ್ಲಿ ಯಾವ ಭಾಗ್ಯವೂ ಇಲ್ಲ. ಅದು ನೆಟ್ಟಗೆ ಹರಾಜಿಗೇ ಹೋಗುವುದು.

ಇಷ್ಟು ಗೊತ್ತಿರುವವರೂ ಮರೆಯುವ ಇನ್ನೊಂದು ವಿಷಯವಿದೆ. ದಾನದ ವಿನಾಯಿತಿ ಬೇಕಾದರೆ ಖರ್ಚುಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿ ತೋರಿಸಬೇಕು, ಆ ಪಟ್ಟಿಯ ಮೊತ್ತ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಪಟ್ಟಿಯಿಲ್ಲದೆಯೂ ಸಿಗುವ ಗೊತ್ತಾದ ವಿನಾಯಿತಿಯನ್ನು, ದಾಟಬೇಕು. ಗಂಡ-ಹೆಂಡತಿ ಒಟ್ಟಿಗೆ ಸಲ್ಲಿಸುವವರಿಗೆ ಅದು 2017ರಲ್ಲಿ 12,700 ಇದ್ದದ್ದು 2018ರಲ್ಲಿ ಒಂದೇ ಏಟಿಗೆ 24,000 ಆಯಿತು. ನಾವು ಕೊಟ್ಟ 2024ರಲ್ಲಿ 29,200. ಮನೆ ಸಾಲ ಮುಗಿಯುತ್ತಾ ಬಂದ ನಮ್ಮಂಥವರ ಪಟ್ಟಿ ಎಷ್ಟು ಎಳೆದರೂ 21,000ದ ಹತ್ತಿರ ಬಂದು ಏದುಸಿರು ಬಿಡುತ್ತೆ. ಅಂದರೆ ಕಾರು ಕೊಟ್ಟದ್ದರಿಂದ ನಮಗೆ ತೆರಿಗೆಯಲ್ಲಿ ಉಳಿದದ್ದು ಸೊನ್ನೆ. ಇದನ್ನು ಕೊಡುವ ಮೊದಲೇ ಕೂಡಿ ಕಳೆದು ಇವರ ಮುಂದಿಟ್ಟೆ. ಎರಡು ನಿಮಿಷ ಸುಮ್ಮನಿದ್ದು “ಹಾಗಾದರೆ ಇದು ನಿಜವಾದ ದಾನ” ಅಂದರು. ಆ ಮಾತಿಗೆ ಇವರ ಹನ್ನೆರಡು ವರ್ಷದ ಪೆಟ್ರೋಲ್ ಬಿಲ್ಲಿನಲ್ಲಿ ಅರ್ಧ ಮಾಫಿ ಮಾಡಿದೆ.

ಹಾಗಾದರೆ ನಾವೇ ಮಾರಿ ಚೆಕ್ ಕಳಿಸಿದರೆ ಆಗದೇ? ಆಗುತ್ತೆ. ಬಹಳ ಸಲ ಅದೇ ಮೇಲು. ಕಾರು ಓಡುತ್ತಿದ್ದು, ನಾಲ್ಕೈದು ಸಾವಿರ ಡಾಲರ್ ಬರುವ ಹಾಗಿದ್ದರೆ ದಯವಿಟ್ಟು ಸೋಮಾರಿತನ ಬಿಟ್ಟು ನೀವೇ ಮಾರಿ. ನಡುವಿನವರ ಪಾಲು ಉಳಿಯುತ್ತೆ, ಆ ಪೂರ್ತಿ ದುಡ್ಡು ಸಂಸ್ಥೆಗೆ ಹೋಗುತ್ತೆ. 2026ರಿಂದ ಇನ್ನೊಂದು ಅನುಕೂಲವೂ ಬಂದಿದೆ: ಪಟ್ಟಿ ಮಾಡದೆ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರೂ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗೆ ದಾನದ ವಿನಾಯಿತಿ ಪಡೆಯಬಹುದು. ಆದರೆ ನಗದು ಕೊಟ್ಟರೆ ಮಾತ್ರ. ಕಾರು, ಬಟ್ಟೆ, ಸೋಫಾ ಲೆಕ್ಕಕ್ಕಿಲ್ಲ. ಅಲ್ಲಿಗೆ ಕಾರು ಮಾರಿ ಚೆಕ್ ಬರೆದವರಿಗೆ ಸಿಗುವುದು ಕಾರನ್ನೇ ಕೊಟ್ಟವರಿಗೆ ಸಿಗುವುದಿಲ್ಲ.

ನಮ್ಮದು ಆ ಸ್ಥಿತಿಯಲ್ಲಿರಲಿಲ್ಲ. ಏಳಲಾರದ ಗಾಡಿಗೆ ಗಿರಾಕಿ ಹುಡುಕುವುದು, ಅಪರಿಚಿತರನ್ನು ಮನೆ ಬಾಗಿಲಿಗೆ ಕರೆಯುವುದು, ಅವರು ಚೌಕಾಸಿ ಮಾಡುವಾಗ ನಮ್ಮ ಮನೆಯವರನ್ನು ಸಮಾಧಾನ ಮಾಡುವುದು, ಇದ್ಯಾವುದೂ ನನ್ನ ಕೈಲಿ ಆಗುವ ಕೆಲಸವಲ್ಲ. ಅಂಥ ಗಾಡಿಗಳಿಗೆ ಈ ದಾನದ ದಾರಿ ನಿಜಕ್ಕೂ ಒಳ್ಳೆಯದು ಅಂತ ನನಗೆ ಅನಿಸುವುದು ಇಲ್ಲೇ. ಯಾಕೆಂದರೆ ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಓಡುವ ಕಾರಾಗಿ ಯಾರಿಗೂ ಬೇಡವಾದದ್ದು ಬಿಚ್ಚುವವರಿಗೆ ಬೇಕು. ಬಾಗಿಲು, ದೀಪ, ಸೀಟು, ಗೇರ್‌ಬಾಕ್ಸ್, ಜೊತೆಗೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತೆ. ನಮ್ಮ ಮನೆಯವರಂಥ ಇನ್ನೊಬ್ಬರು ಎಲ್ಲೋ ಅದೇ ಮಾಡೆಲ್ ಇಟ್ಟುಕೊಂಡು ಒಂದು ಟೇಲ್ ಲ್ಯಾಂಪಿಗೆ ಅಲೆಯುತ್ತಿರುತ್ತಾರಲ್ಲ, ಅವರ ಪುಣ್ಯಕ್ಕೆ.

ಸಂಸ್ಥೆ ಆರಿಸುವಾಗ ನಾನು ಮಾಡಿದ್ದು ಎರಡೇ ಕೆಲಸ. ತೆರಿಗೆ ಇಲಾಖೆ ಐಆರ್‌ಎಸ್‌ನ ಜಾಲತಾಣದಲ್ಲಿ ಮಾನ್ಯತೆ ಇದೆಯೇ ಅಂತ ಹೆಸರು ಹುಡುಕಿದೆ. ಆಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಹರಾಜಿನಲ್ಲಿ ಬಂದ ದುಡ್ಡಲ್ಲಿ ನಿಮ್ಮ ಕೈಗೆ ಎಷ್ಟು ಪಾಲು ಬರುತ್ತೆ? ಮೊದಲು ಫೋನ್ ಮಾಡಿದ ಕಡೆ ಆ ಪ್ರಶ್ನೆಗೆ ಟೋ ಟ್ರಕ್ ಎಷ್ಟು ಬೇಗ ಬರುತ್ತೆ ಅನ್ನುವ ಉತ್ತರ ಸಿಕ್ಕಿತು. ಎರಡು ಸಲ ಕೇಳಿದರೂ ಅದೇ. ಇಟ್ಟುಬಿಟ್ಟೆ. ಎರಡನೆಯದು ಚಿಕ್ಕ ಸಂಸ್ಥೆ, ವಯಸ್ಸಾದವರಿಗೆ ಮನೆಗೆ ಊಟ ತಲುಪಿಸುವವರು. ಅಲ್ಲಿದ್ದಾಕೆ ಕಾಗದ ಹುಡುಕಿ, ಎಳೆಯುವ ಖರ್ಚು ಇಷ್ಟು, ಹರಾಜು ಮನೆಗೆ ಇಷ್ಟು, ಕಾರು ನಿಭಾಯಿಸುವ ಕಂಪನಿಗೆ ಇಷ್ಟು ಶೇಕಡಾ ಅಂತ ಹೇಳಿದರು. ದೊಡ್ಡ ಪಾಲೇನೂ ಅಲ್ಲ. ಆದರೆ ಹೇಳಿದರು. ಅಷ್ಟು ಸಾಕಾಯಿತು.

ಕೊಡುವ ಹಿಂದಿನ ದಿನ ಕಾರಿನೊಳಗೆ ಕೂತು ನಾನು ಮಾಡಿದ ಕೆಲಸವನ್ನು ನೀವೂ ಮಾಡಿ, ಯಾರೂ ಹೇಳಿಕೊಡುವುದಿಲ್ಲ. ನ್ಯಾವಿಗೇಷನ್‌ನಲ್ಲಿ ‘ಮನೆ’ ಅಂತ ನಮ್ಮ ವಿಳಾಸ ಇರುತ್ತೆ, ಅಳಿಸಿ. ಕನ್ನಡಿ ಹತ್ತಿರ ಗ್ಯಾರೇಜ್ ಬಾಗಿಲು ತೆಗೆಯುವ ಗುಂಡಿಗಳಿರುತ್ತವೆ. ನಮ್ಮದರಲ್ಲಿ ಎರಡು ತುದಿಯ ಗುಂಡಿ ಒಟ್ಟಿಗೆ ಒತ್ತಿ ಹಿಡಿದುಕೊಂಡೆ, ದೀಪ ಪಟಪಟ ಮಿನುಗಿದ ಮೇಲೆ ನೆನಪು ಅಳಿಸಿತು. ಇದು ಮಾಡದಿದ್ದರೆ ಮನೆಯ ವಿಳಾಸ, ಮನೆಯ ಬೀಗ ಎರಡನ್ನೂ ಒಟ್ಟಿಗೇ ಹರಾಜಿಗೆ ಕೊಟ್ಟ ಹಾಗೆ. ಗಾಜಿಗೆ ಅಂಟಿಸಿದ, ಟೋಲ್ ಕಟ್ಟುವ ಇ-ಜೀಪಾಸ್ ಕಿತ್ತುಕೊಳ್ಳಿ. ಟೈಟಲ್, ಅಂದರೆ ಕಾರಿನ ಒಡೆತನದ ಕಾಗದಕ್ಕೆ ಸಹಿ ಹಾಕುವಾಗ ಕೊಳ್ಳುವವರ ಜಾಗ ಖಾಲಿ ಬಿಡಬೇಡಿ. ನಮ್ಮ ಪರಿಚಯದವರೊಬ್ಬರು ಖಾಲಿ ಬಿಟ್ಟು ಕೊಟ್ಟಿದ್ದರು, ಕಾರು ಎರಡು ಕೈ ಬದಲಾದ ಮೇಲೂ ಯಾವುದೋ ಊರಿನ ಪಾರ್ಕಿಂಗ್ ದಂಡ ಅವರ ಮನೆಗೇ ಬರುತ್ತಿತ್ತು. ನಂಬರ್ ಪ್ಲೇಟಿನ ನಿಯಮ ರಾಜ್ಯಕ್ಕೊಂದು: ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಕಾರಿನ ಜೊತೆಗೇ ಹೋಗುತ್ತೆ, ನಮ್ಮ ನ್ಯೂಜೆರ್ಸಿಯಲ್ಲಿ ಬಿಚ್ಚಿಕೊಂಡು ಹೋಗಿ ಕಚೇರಿಗೆ ಒಪ್ಪಿಸಬೇಕು. ಅದಾದ ಮೇಲೇ ಇನ್ಶೂರೆನ್ಸ್ ನಿಲ್ಲಿಸಿ.

ಟ್ರಕ್ ಬಂದದ್ದು ಅಕ್ಟೋಬರಿನ ಒಂದು ಬೆಳಗ್ಗೆ. ಕಾರು ಪೂರ್ತಿ ಕೂತುಬಿಟ್ಟಿತ್ತು, ಕೆಳಗೆ ಕೈ ತೂರುವಷ್ಟೂ ಜಾಗವಿಲ್ಲ. ಬಂದ ಹುಡುಗ ಒಂದು ಮಾತಾಡದೆ ಮರದ ತುಂಡು ಕೊಟ್ಟು ಕೊಟ್ಟು, ಮುಕ್ಕಾಲು ಗಂಟೆ ಒದ್ದಾಡಿ ಮೇಲೆ ಹತ್ತಿಸಿದ. ಇವರು ಹೊರಗೆ ಬರಲಿಲ್ಲ. ಆಫೀಸಿನ ಕಾಲ್ ಇದೆ ಅಂದರು. ಕಿಟಕಿಯ ಪರದೆ ಮಾತ್ರ ಅಲ್ಲಾಡುತ್ತಿತ್ತು.

ಡಿಸೆಂಬರಿನಲ್ಲಿ 1098-ಸಿ ಬಂತು. 1,150 ಡಾಲರಿಗೆ ಹೋಗಿತ್ತು. ಬೆಲೆ ಹೇಳುವ ತಾಣದಲ್ಲಿ ‘ಒಳ್ಳೆಯ ಸ್ಥಿತಿ’ ಅಂತ ಒತ್ತಿದರೆ 3,200 ತೋರಿಸುತ್ತಿತ್ತು, ನಮ್ಮ ಮನೆಯವರ ಮನಸ್ಸಿನಲ್ಲಿ 6,000 ಇತ್ತು. ಆ ಫಾರ್ಮಿನಲ್ಲಿ ಕಾಣುವುದು ಹರಾಜಿನ ಒಟ್ಟು ಬೆಲೆ ಮಾತ್ರ. ಸಂಸ್ಥೆಗೆ ಎಷ್ಟು ಸೇರಿತು ಅನ್ನುವುದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಮತ್ತೆ ಆ ಸಂಸ್ಥೆಯ ಆಕೆಗೇ ಫೋನ್ ಮಾಡಿದೆ. 640 ಅಂದರು. ಉಳಿದ 510 ದಾರಿಯಲ್ಲಿ ಖರ್ಚು. ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ, ಆ ಮರದ ತುಂಡಿನ ಹುಡುಗನಿಗೂ ಸಂಬಳ ಕೊಡಬೇಕಲ್ಲ. ಆದರೆ ‘6,000ದ ಕಾರು ದಾನ ಕೊಟ್ಟೆವು’ ಅಂತ ಯಾರ ಮನೆಯ ಊಟದಲ್ಲೂ ಹೇಳಕೂಡದು ಅಂತ ಇವರಿಗೆ ತಾಕೀತು ಮಾಡಿದೆ. 640 ಡಾಲರಿನ ದಾನ. ಅಷ್ಟೇ. ಅದಕ್ಕೆ 360 ಸೇರಿಸಿ ಚೆಕ್ ಬರೆದು ಸಾವಿರ ಮಾಡಿದೆವು. ಸೇರಿಸೋಣ ಅಂದವರು ಇವರೇ.

ಆ ಫೋನಿನಲ್ಲೇ ಆಕೆ ಇನ್ನೊಂದು ಮಾತು ಹೇಳಿದ್ದರು. ಎರಡು ಕೀ ಇದ್ದಿದ್ದರೆ ಇನ್ನೂ ನೂರಿನ್ನೂರು ಡಾಲರ್ ಜಾಸ್ತಿ ಬರುತ್ತಿತ್ತೇನೋ, ಈ ಕಾರುಗಳಿಗೆ ಕೀ ಮಾಡಿಸುವುದು ತುಂಬಾ ದುಬಾರಿ ಅಂತ ಕೊಳ್ಳುವವರು ಬೆಲೆ ಇಳಿಸುತ್ತಾರೆ, ಅಂತ. ನಮ್ಮ ಹತ್ತಿರ ಒಂದೇ ಇದ್ದದ್ದು ಅಂದೆ. ಹಾಗಂತ ಇವರು ಹೇಳಿದ್ದರು.

ಹೋದ ವಾರ ಬ್ಯಾಟರಿ ಹುಡುಕುವುದಕ್ಕೆ ಇವರ ಮೇಜಿನ ಡ್ರಾಯರ್ ತೆಗೆದೆ. ಹಳೇ ಕನ್ನಡಕದ ಡಬ್ಬಿಯೊಳಗೆ, ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ, ಇತ್ತು. “ರೀ, ಇದೇನಿದು?” ಅಂತ ಎತ್ತಿ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿ, ಯಾವುದೋ ಹಳೇ ಪೆಟ್ಟಿಗೆಯ ಕೀ ಇರಬೇಕು ಅಂದರು.